ಗೆರೆಯಕ್ಕನ ಹನ್ನೊಂದು ಗೆರೆಗಳು

ನಮ್ಮ ಪ್ರೆಸ್ಸಿನಲ್ಲಿ ಅವಳಿಗೆ ಗೆರೆಯಕ್ಕ ಎಂದೇ ಹೆಸರು. ಅವಳಿಗಿಂತ ಎಂಟು ವರ್ಷ ದೊಡ್ಡವನಾದ ನನಗೂ ಅವಳು ಅಕ್ಕ, ಅವಳಿಗೆ ನಾನು ಅಣ್ಣ. ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ, ತಪ್ಪು ಹುಡುಕುವುದೇ ಕಸುಬಾದ ನನಗೂ ಕಾಣಲಿಲ್ಲ. ನಾನು ಕರಡು ತಿದ್ದುವವನು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಮೊದಲು ಕಲ್ಲು ಹುಡುಕುವ ಆಸಾಮಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅಂಥವನು ಇಪ್ಪತ್ತಾರು ವರ್ಷ ಗೆರೆಯಕ್ಕನ ಪಕ್ಕದ ಮೇಜಿನಲ್ಲಿ ಕೂತೆ. ಅವಳ ಕೆಲಸದಲ್ಲಿ ಹಿಡಿದ ತಪ್ಪುಗಳು ಎರಡು ಕೈಬೆರಳಿನ ಎಣಿಕೆ ದಾಟುವುದಿಲ್ಲ. ಅದೇ ನನ್ನನ್ನು ಕೆಡಿಸಿತೋ ಏನೋ. ಹಿಡಿಯಲೇಬೇಕಾದ ಒಂದು ತಪ್ಪನ್ನು ಹಿಡಿಯದೆ ಬಿಟ್ಟೆ.

ಪ್ರೆಸ್ಸು ಇದ್ದದ್ದು ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಬ್ಬಿಣದ ಮೆಟ್ಟಿಲು, ಉದ್ದನೆಯ ಒಂದು ಕೋಣೆ, ಹಿಂಬದಿಯಲ್ಲಿ ಅಚ್ಚಿನ ಯಂತ್ರ. ಯಂತ್ರ ಓಡುವಾಗ ನಮ್ಮ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿತ್ತು. ಗೆರೆಯಕ್ಕ ಹತ್ತೊಂಬತ್ತರ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಇಲ್ಲಿ ಕಂಪ್ಯೂಟರ್ ಇರಲಿಲ್ಲ. ಅಕ್ಷರ ಮೂಡಿಸಿದ ಕಾಗದದ ಪಟ್ಟಿಗಳನ್ನು ದೊಡ್ಡ ಹಾಳೆಗೆ ಅಂಟಿಸಿ ಪುಟ ಕಟ್ಟುತ್ತಿದ್ದರು. ಗೆರೆ ಬೇಕಾದಲ್ಲಿ ಕಪ್ಪು ಕಾಗದವನ್ನು ಬ್ಲೇಡಿನಿಂದ ಕೂದಲಿನಷ್ಟು ತೆಳ್ಳಗೆ ಸೀಳಿ, ಚಿಮಟದಲ್ಲಿ ಹಿಡಿದು ಕೂರಿಸಬೇಕು. ಜೋರಾಗಿ ಉಸಿರು ಬಿಟ್ಟರೆ ಗೆರೆ ಹಾರಿಹೋಗುತ್ತಿತ್ತು. ಗಂಡಸರೆಲ್ಲ ಒಂದೊಂದು ನೆವ ಹೇಳಿ ಆ ಕೆಲಸದಿಂದ ಜಾರಿಕೊಂಡರು, ಹುಡುಗಿ ಕೂತಳು. ಹೆಸರು ಅಂಟಿಕೊಂಡದ್ದು ಆಗಲೇ. ಕಂಪ್ಯೂಟರ್ ಬಂದು ಹದಿನೆಂಟು ವರ್ಷವಾದರೂ ಆ ಬ್ಲೇಡು, ಚಿಮಟ ಅವಳ ಮೇಜಿನ ಖಾನೆಯಲ್ಲೇ ಇದ್ದವು.

ಅವಳ ಗಂಡ ಟೈಲರ್. ಅವನೂ ದಿನವಿಡೀ ಗೆರೆ ಎಳೆಯುವವನೇ, ಬಟ್ಟೆಯ ಮೇಲೆ, ಸೀಮೆಸುಣ್ಣದಲ್ಲಿ. "ನನ್ ಗೆರೆ ಒಂದ್ ಸಲ ಒಗೆದ್ರೆ ಹೋಗ್ಬೇಕು, ಇವಳದ್ದು ನೂರ್ ವರ್ಷ ಆದ್ರೂ ಹೋಗ್ಬಾರ್ದು. ಅದಕ್ಕೇ ನಾನು ಆರಾಮಾಗಿದೀನಿ, ಇವಳು ಹೀಗಿದಾಳೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಈ ತಮಾಷೆ ಅವಳಿಗೆ ಚುಚ್ಚುವ ಕಾಲವೂ ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ನಾವು ಹೆಚ್ಚಾಗಿ ಮಾಡುತ್ತಿದ್ದದ್ದು ಅರಬ್ಬಿ ಲಿಪಿಯ ಪುಸ್ತಕಗಳು. ಬಲದಿಂದ ಎಡಕ್ಕೆ ಓದುವ ಲಿಪಿ. ಅದರ ಹಳೆಯ ಪುಸ್ತಕಗಳಲ್ಲಿ ಒಂದು ಕ್ರಮವಿದೆ. ಗುರುವಿನ ಮಾತು ಮತ್ತು ಶಿಷ್ಯ ಅದಕ್ಕೆ ಬರೆದ ವಿವರಣೆ ಎರಡೂ ಒಂದೇ ಸಾಲಿನಲ್ಲಿ ಬೆರೆತು ಹೋಗುತ್ತವೆ. ಬೇರೆ ಅಕ್ಷರವಿಲ್ಲ, ಬೇರೆ ಪುಟವಿಲ್ಲ. ಗುರುವಿನ ಮಾತು ಎಷ್ಟು ಉದ್ದವಿದೆಯೋ ಅಷ್ಟಕ್ಕೂ ತಲೆಯ ಮೇಲೆ ಒಂದು ಗೆರೆ. ಗೆರೆ ಇದ್ದರೆ ಗುರುವಿನದು, ಇಲ್ಲದಿದ್ದರೆ ಶಿಷ್ಯನದು. ಅಷ್ಟೇ ನಿಯಮ.

ಆ ನಿಯಮವನ್ನು ಪ್ರಾಣದಂತೆ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದವರು ಮೇಷ್ಟ್ರು. ನಿವೃತ್ತರಾಗಿ ಬಹಳ ವರ್ಷವಾಗಿತ್ತು, ಹೆಂಡತಿ ತೀರಿಕೊಂಡಿದ್ದರು, ಸೀಸೆಯ ಬುಡದಂಥ ಕನ್ನಡಕ ಹಾಕಿಕೊಂಡರೂ ಎದುರಿಗಿದ್ದವರ ಮುಖ ಮಸುಕು. ಕಣ್ಣು ಪೂರ್ತಿ ಹೋಗುವುದರೊಳಗೆ ಒಂದು ಪುಸ್ತಕ ಮಾಡಬೇಕಿತ್ತು ಅವರಿಗೆ. ಅವರಿಗೆ ಪಾಠ ಹೇಳಿದವರನ್ನು ಊರೆಲ್ಲ ದೊಡ್ಡ ಮೇಷ್ಟ್ರು ಎನ್ನುತ್ತಿತ್ತು. ದೊಡ್ಡ ಮೇಷ್ಟ್ರು ಬಾಯಿಯಲ್ಲಿ ಹೇಳಿದರೇ ಹೊರತು ಏನನ್ನೂ ಬರೆಯಲಿಲ್ಲ. ಅವರು ಸತ್ತಮೇಲೆ ನಮ್ಮ ಮೇಷ್ಟ್ರು ಹಳೆಯ ವಿದ್ಯಾರ್ಥಿಗಳ ಮನೆಮನೆಗೆ ತಿರುಗಿ, ಅವರ ನೋಟ್‌ಬುಕ್ಕುಗಳಿಂದ ಗುರುವಿನ ಮಾತುಗಳನ್ನು ಆಯ್ದು, ತಾವೇ ವಿವರಣೆ ಬರೆದರು. ಇಪ್ಪತ್ತು ವರ್ಷದ ಕೆಲಸ.

ಇದಕ್ಕೆ ಅಡ್ಡ ಬಂದವನು ದೊಡ್ಡ ಮೇಷ್ಟ್ರ ಮಗ. ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ. ನಮ್ಮಪ್ಪನ ಬಾಯಿಗೆ ನಿಮ್ಮ ಮಾತು ತುರುಕಬೇಡಿ, ಅವರ ಮಾತು ನಿಮ್ಮದೆಂದು ಹೇಳಿಕೊಳ್ಳಲೂಬೇಡಿ ಎಂದು ನಾಲ್ಕು ಜನರೆದುರು ಅಂದಿದ್ದನಂತೆ. ವರ್ಷಗಟ್ಟಲೆ ಜಗಳವಾಡಿ ಕೊನೆಗೆ ಒಪ್ಪಿದ್ದು ಎರಡು ಷರತ್ತಿನ ಮೇಲೆ. ಯಾರ ಮಾತು ಯಾರದೆಂದು ಸ್ಪಷ್ಟವಾಗಿ ಕಾಣಬೇಕು. ಮೊದಲ ಪ್ರತಿ ತನ್ನ ಕೈಗೆ ಬರಬೇಕು.

ನಮ್ಮ ಯಜಮಾನರು, ಗೆರೆ ಯಾಕೆ, ಗುರುಗಳ ಮಾತನ್ನು ಕಂಸದೊಳಗೆ ಹಾಕಿಬಿಡೋಣ ಎಂದು ನೋಡಿದರು. ಮೇಷ್ಟ್ರು ಒಪ್ಪಲಿಲ್ಲ. ದೊಡ್ಡ ಮೇಷ್ಟ್ರು ಹಲಗೆಯ ಮೇಲೆ ಹಾಗೇ ಗೆರೆ ಎಳೆದು ಕಲಿಸಿದ್ದರು. ಮೇಷ್ಟ್ರು ಗೆರೆಯಕ್ಕನ ಕಡೆ, ಅವಳು ಇದ್ದಾಳೆಂದು ಅಂದಾಜು ಮಾಡಿದ ಕಡೆ ತಿರುಗಿ ಹೇಳಿದರು: "ಅವರದ್ದು ಅವರಿಗೆ, ನನ್ನದು ನನಗೆ. ನಡುವೆ ಇರೋದು ಆ ಗೆರೆ ಒಂದೇ ಅಮ್ಮ. ನಂಗೆ ಕಾಣಲ್ಲ. ನೀನೇ ನೋಡ್ಕೋಬೇಕು."

ನೋಡಿಕೊಳ್ಳುತ್ತೇನೆ ಎಂದು ಅವಳು ಮಾತು ಕೊಟ್ಟಳು.

ಕಷ್ಟ ತಂದದ್ದು ಅಕ್ಷರ. ಮೇಷ್ಟ್ರಿಗೆ ನಾವು ದಿನವೂ ಬಳಸುವ ಫಾಂಟು ಬೇಡ. ಗುರುಗಳ ಹಲಗೆಯ ಬರಹವನ್ನು ಹೋಲುವ ಹಳೆಯ ಮಾದರಿಯೊಂದು ಬೇಕು. ಯಾರೋ ಕಲ್ಲಚ್ಚಿನ ಕಾಲದ ಬರಹವನ್ನು ನೋಡಿ ಅಂಥ ಫಾಂಟು ಮಾಡಿದ್ದರು, ತರಿಸಿದೆವು. ನೋಡಲು ಬಲು ಚೆಂದ, ದುಡಿಸಿಕೊಳ್ಳಲು ಹೋದರೆ ಶನಿ. ಮಾಮೂಲಿ ಫಾಂಟಿನಲ್ಲಿ ಅಕ್ಷರಗಳು ಒಂದೇ ನೆಲದ ಮೇಲೆ ಸಾಲಾಗಿ ನಿಲ್ಲುತ್ತವೆ. ಇದರಲ್ಲಿ ಪ್ರತಿ ಪದವೂ ಬಲಗಡೆ ಎತ್ತರದಲ್ಲಿ ಶುರುವಾಗಿ, ಮೆಟ್ಟಿಲಿಳಿದ ಹಾಗೆ ಎಡಕ್ಕೆ ಇಳಿಯುತ್ತದೆ. ಅಕ್ಷರ ಯಾವುದೆಂದು ಗುರುತಿಸಿಕೊಡುವ ಚುಕ್ಕಿಗಳು ತಲೆಯ ಮೇಲೆ ಎಲ್ಲೆಲ್ಲೋ. ಕಂಪ್ಯೂಟರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಮೇಲ್ಗೆರೆ ಹಾಕು ಎಂದರೆ ಅದು ಎಲ್ಲ ಪದಕ್ಕೂ ಒಂದೇ ಎತ್ತರದಲ್ಲಿ ಹಾಕುತ್ತಿತ್ತು. ಬಲತುದಿಯಲ್ಲಿ ಗೆರೆ ಚುಕ್ಕಿಗಳನ್ನು ಸೀಳಿಕೊಂಡು ಹೋಗುತ್ತಿತ್ತು, ಎಡತುದಿಯಲ್ಲಿ ಯಾರಿಗೂ ಸಂಬಂಧವಿಲ್ಲದಂತೆ ಗಾಳಿಯಲ್ಲಿ ನಿಲ್ಲುತ್ತಿತ್ತು.

ಗೆರೆಯಕ್ಕ ಒಂದೊಂದೇ ಗೆರೆಯನ್ನು ಕೈಯಾರೆ ಎತ್ತಿ ಕೂರಿಸಲು ತೊಡಗಿದಳು. ಪುಸ್ತಕದಲ್ಲಿ ಇದ್ದದ್ದು ಸಾವಿರದ ಆರುನೂರಕ್ಕೂ ಮೇಲೆ. ಯಾವ ಅಕ್ಷರ ಮೊದಲು ಬಂದರೆ ಎಷ್ಟು ಎತ್ತಬೇಕು, ಮೂರು ಚುಕ್ಕಿ ಇದ್ದರೆ ಎಷ್ಟು, ಉದ್ದನೆಯ ಪದಕ್ಕೆ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಳು. ಗೆರೆ ಮೇಲಿನ ಸಾಲಿಗೆ ತಾಗಿದರೆ ಆ ಸಾಲಿನ ಅಡಿಗೆರೆಯಂತೆ ಕಾಣುತ್ತದೆ, ತೀರ ಇಳಿಸಿದರೆ ಚುಕ್ಕಿ ಸಾಯುತ್ತದೆ. ಆ ಎರಡರ ನಡುವಿನ ಜಾಗ ಒಂದು ಉಗುರಿನ ದಪ್ಪ. ಏಳು ತಿಂಗಳು ಅವಳು ಆ ಉಗುರಿನಷ್ಟು ಜಾಗದಲ್ಲಿ ಬದುಕಿದಳು. ಒಂದು ಚುಕ್ಕಿಯನ್ನೂ ಗೆರೆ ಮುಟ್ಟದ ಹಾಗೆ ನೋಡಿಕೊಂಡಳು. ನಾನು ರೇಗಿಸುತ್ತಿದ್ದೆ, ಅಕ್ಕ, ಚುಕ್ಕಿಗೂ ಗೆರೆಗೂ ಹುಟ್ಟುವ ಮೊದಲೇ ಜಗಳ ಬಿಡಿಸ್ತೀಯಲ್ಲ ಎಂದು. ಆಗೆಲ್ಲ ನಗು ಬರುತ್ತಿತ್ತು ನಮಗೆ.

ತಪ್ಪು ಆದದ್ದು ಎಲ್ಲಿ ಎಂದು ಈಗ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಪುಟದ ಅಕ್ಷರಗಳೆಲ್ಲ ಕಣ್ಣಿಗೆ ಕಾಣದ ಒಂದು ಚೌಕಟ್ಟಿನೊಳಗೆ ಕೂತಿರುತ್ತವೆ. ಪುಟದ ನಡುವಿನ ಗೆರೆಯನ್ನು ಎಷ್ಟು ಎತ್ತಿದರೂ ಅದು ಚೌಕಟ್ಟಿನೊಳಗೇ ಇರುತ್ತದೆ. ಆದರೆ ಪುಟದ ಮೊದಲ ಸಾಲಿನಲ್ಲೇ ಗುರುವಿನ ಮಾತಿದ್ದು, ಆ ಮಾತು ಎತ್ತರದ ಅಕ್ಷರದಿಂದ ಶುರುವಾದರೆ, ಎತ್ತಿದ ಗೆರೆ ಚೌಕಟ್ಟಿನ ಅಂಚು ದಾಟಿ ಹೊರಗೆ ನಿಲ್ಲುತ್ತದೆ. ಪರದೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತಿತ್ತು. ಅಚ್ಚಿಗೆ ಹಾಕುವ ಪ್ಲೇಟು ಮಾಡುವ ಯಂತ್ರ ಮಾತ್ರ ಚೌಕಟ್ಟಿನ ಹೊರಗಿದ್ದದ್ದನ್ನೆಲ್ಲ ಕತ್ತರಿಸಿ ಎಸೆಯಿತು. ಇಡೀ ಪುಸ್ತಕದಲ್ಲಿ ಹಾಗೆ ಹೋದದ್ದು ಹನ್ನೊಂದು ಗೆರೆ.

ಪ್ಲೇಟಿನಿಂದ ತೆಗೆದ ಕೊನೆಯ ಕರಡು ನನ್ನ ಮೇಜಿಗೆ ಬಂತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದೆ, ಸುಳ್ಳಲ್ಲ. ಮಸೂರ ಹಿಡಿದು, ಪ್ರತಿ ಗೆರೆಯೂ ಚುಕ್ಕಿಗೆ ತಾಗಿದೆಯೇ ಎಂದು ಪರೀಕ್ಷಿಸಿದೆ. ಇದ್ದ ಗೆರೆಗಳನ್ನೆಲ್ಲ ನೋಡಿದೆ. ಇಲ್ಲದ ಗೆರೆ ನೋಡಬೇಕೆಂದು ಹೊಳೆಯಲಿಲ್ಲ. 'ಸರಿ ಇದೆ' ಎಂದು ಬರೆದು ಸಹಿ ಹಾಕಿದೆ. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ, ಎಸೆಯಲು ಧೈರ್ಯವಿಲ್ಲ.

ಮುನ್ನೂರು ಪ್ರತಿ ಅಚ್ಚಾಗಿ ಬೈಂಡಿಂಗ್ ಮುಗಿದು ಬಂತು. ಅಂದು ಬೆಳಿಗ್ಗೆ ಮೇಷ್ಟ್ರು ಬಂದು ಹತ್ತು ಪುಸ್ತಕ ತೆಗೆದುಕೊಂಡು ಹೋದರು. ಹೋಗುವ ಮೊದಲು ಒಂದನ್ನು ಮೂಸಿ ನೋಡಿದರು, ಓದಲು ಆಗದವರು ಇನ್ನೇನು ಮಾಡಬೇಕು. ಮಧ್ಯಾಹ್ನ ಗೆರೆಯಕ್ಕ ಸುಮ್ಮನೆ ಒಂದು ಪ್ರತಿ ಮಗುಚಿಹಾಕುತ್ತಿದ್ದಳು. ಕೈ ನಿಂತಿತು. ಮತ್ತೆ ಹಿಂದಿನ ಪುಟ, ಮತ್ತೆ ಮುಂದಿನದು. ಅವಳು ನನ್ನನ್ನು ಕರೆದಳು.

ಎಂಬತ್ತೇಳನೆಯ ಪುಟ. ನಾನು ನೋಡಿದೆ, ಗೆರೆಗಳೆಲ್ಲ ಚೆನ್ನಾಗಿಯೇ ಇವೆಯಲ್ಲ ಎಂದೆ.

"ಇಲ್ಲದ್ದನ್ನ ನೋಡಿ ಅಣ್ಣ," ಎಂದಳು.

ಪುಟದ ತಲೆಯಲ್ಲಿ ದೊಡ್ಡ ಮೇಷ್ಟ್ರ ಮಾತೊಂದು ಬೋಳು ತಲೆಯಲ್ಲಿ ನಿಂತಿತ್ತು. ಅವರ ಶಿಷ್ಯರೆಲ್ಲರಿಗೂ ಬಾಯಿಪಾಠವಾಗಿದ್ದ ಮಾತು: ಕಲಿಸಿದವನ ಹೆಸರು ಮರೆತರೂ ಚಿಂತೆಯಿಲ್ಲ, ಕಲಿತದ್ದನ್ನು ಮರೆಯಬೇಡ. ಗೆರೆ ಇಲ್ಲದ್ದರಿಂದ ಈಗ ಅದು ನಮ್ಮ ಮೇಷ್ಟ್ರ ಮಾತಾಗಿತ್ತು.

ಯಜಮಾನರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ತಪ್ಪುಗಳನ್ನು ಪಟ್ಟಿ ಮಾಡಿದ ಒಂದು ಒಪ್ಪೋಲೆ ಅಚ್ಚು ಹಾಕಿ ಪುಸ್ತಕದ ಕೊನೆಗೆ ಅಂಟಿಸೋಣ, ಮುನ್ನೂರು ಜನರಲ್ಲಿ ಯಾರು ಅಷ್ಟು ಕೂಲಂಕಷವಾಗಿ ನೋಡುತ್ತಾರೆ ಎಂದರು. ಒಬ್ಬ ನೋಡುತ್ತಾನೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಗೆರೆಯಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ನಾನೂ ಹಿಂದೆ ಹೋದೆ. ಸಹಿ ನನ್ನದಲ್ಲವೇ.

ಮೇಷ್ಟ್ರು ಮನೆಯ ಜಗುಲಿಯಲ್ಲಿ ಕೂತಿದ್ದರು, ನಮ್ಮ ಹೆಜ್ಜೆ ಕೇಳಿಯೇ ಗುರುತು ಹಿಡಿದು ನಕ್ಕರು. ಮೊದಲ ಪ್ರತಿ ಬೆಳಿಗ್ಗೆಯೇ ಔಷಧಿ ಅಂಗಡಿಗೆ ಕೊಟ್ಟು ಬಂದಿದ್ದರು. ಇಪ್ಪತ್ತು ವರ್ಷದ ಹೊರೆ ಇಳಿಯಿತು ಎಂದರು. ಆ ನಗುವಿನ ಮೇಲೆ ನಾವು ನೀರು ಸುರಿಯಬೇಕಿತ್ತು. ಗೆರೆಯಕ್ಕನೇ ಹೇಳಿದಳು, ಏನನ್ನೂ ಮುಚ್ಚಿಡದೆ, ಚೌಕಟ್ಟು, ಪ್ಲೇಟು, ಹನ್ನೊಂದು ಕಡೆ, ಎಲ್ಲವನ್ನೂ. ಅವರು ಕೇಳಿದ್ದು ಒಂದೇ, ಯಾವ ಯಾವ ಮಾತು ಎಂದು. ನಾನು ಓದುತ್ತ ಹೋದೆ. ಎಂಬತ್ತೇಳನೆಯ ಪುಟಕ್ಕೆ ಬಂದಾಗ ಸಾಕು ಎಂದು ಕೈ ಎತ್ತಿದರು. ಆಮೇಲೆ ಎದ್ದು ಕೋಲಿಗಾಗಿ ಗೋಡೆ ತಡವಿದರು.

ಮೂವರೂ ಔಷಧಿ ಅಂಗಡಿಗೆ ಹೋದೆವು. ಸಂಜೆಯ ಹೊತ್ತು, ಚೀಟಿ ಹಿಡಿದುಕೊಂಡ ಗಿರಾಕಿಗಳು ನಾಲ್ಕೈದು ಜನ ಇದ್ದರು. ದೊಡ್ಡ ಮೇಷ್ಟ್ರ ಮಗ ಮಾತ್ರೆ ಕತ್ತರಿಸುವ ಕತ್ತರಿಯನ್ನು ಕೆಳಗಿಟ್ಟ. ಪುಸ್ತಕ ಅವನ ಪಕ್ಕದಲ್ಲೇ ಇತ್ತು, ಪುಟಗಳ ನಡುವೆ ಔಷಧಿ ಡಬ್ಬಿಯಿಂದ ಹರಿದ ರಟ್ಟಿನ ತುಂಡುಗಳು ಸಿಕ್ಕಿಸಿದ್ದವು. ನಾನು ಎಣಿಸಿದೆ. ಹನ್ನೊಂದು. ಒಂದೇ ದಿನದಲ್ಲಿ ಅವನು ಎಲ್ಲವನ್ನೂ ಹಿಡಿದಿದ್ದ. ನನ್ನ ಕಸುಬಿಗೆ ಅವನು ಬರಬೇಕಿತ್ತು.

ಗೆರೆಯಕ್ಕ ಮುಂದೆ ಹೋಗಿ, ಆ ಗೆರೆಗಳು ಹೋದದ್ದು ತನ್ನಿಂದ, ಮೇಷ್ಟ್ರಿಗೆ ಇದರ ಗಂಧಗಾಳಿಯೂ ಇರಲಿಲ್ಲ ಎಂದಳು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಒಂದ್ ಕಡೆ ಆಗಿದ್ರೆ ನಂಬ್ತಿದ್ದೆ," ಎಂದ. "ಹನ್ನೊಂದು ಕಡೆ. ಹನ್ನೊಂದೂ ಪುಟದ ತಲೇಲಿ, ಕಣ್ಣು ಮೊದ್ಲು ಬೀಳೋ ಜಾಗದಲ್ಲಿ. ನಿಮ್ಮ ಯಂತ್ರಕ್ಕೆ ನಮ್ಮಪ್ಪನ ಒಳ್ಳೊಳ್ಳೆ ಮಾತೇ ಬೇಕಾಯ್ತಾ? ಹೆಸರು ಮರೆತರೂ ಚಿಂತೆಯಿಲ್ಲ ಅಂತ ಅವರು ಅಂದಿದ್ದಕ್ಕೆ, ಆ ಮಾತಿಗೇ ಅವರ ಹೆಸರು ಇಲ್ದಂಗೆ ಮಾಡಿದ್ರಲ್ಲ ಮೇಷ್ಟ್ರೇ."

ಆ ಪ್ರತಿಯನ್ನು ಕೊಡಿ, ಸರಿಮಾಡಿ ತರುತ್ತೇವೆ ಎಂದು ಕೇಳಿದರೆ ಕೊಡಲಿಲ್ಲ. ಇದು ಹೀಗೇ ಇರಲಿ, ಕೇಳಿದವರಿಗೆ ತೋರಿಸಬೇಕು ಎಂದ. ಗಿರಾಕಿಗಳಲ್ಲಿ ಇಬ್ಬರು ದೊಡ್ಡ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು. ಮೇಷ್ಟ್ರು ತಿರುಗಿ ನಡೆದರು, ಅಂಗಡಿಯ ಮುಂದಿನ ಚರಂಡಿಯ ಅಂಚಿನಲ್ಲಿ ಎಡವಿದರು. ಗೆರೆಯಕ್ಕ ಕೈ ಹಿಡಿದುಕೊಂಡಳು. ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಶಿಷ್ಯ ಗುರುವಿನ ಮಾತು ನುಂಗಿದ ಎಂಬ ಸುದ್ದಿ ವಾರದೊಳಗೆ ಎಲ್ಲ ಕಡೆ ಹರಡಿತು.

ಮರುದಿನದಿಂದ ಗೆರೆಯಕ್ಕ ಪುಸ್ತಕಗಳ ರಾಶಿಯ ಮುಂದೆ ಕೂತಳು. ಮೇಷ್ಟ್ರ ಹತ್ತಿರ ಉಳಿದಿದ್ದ ಒಂಬತ್ತನ್ನೂ ತರಿಸಿಕೊಂಡಳು. ಇನ್ನೂರ ತೊಂಬತ್ತೊಂಬತ್ತು ಪುಸ್ತಕ, ಒಂದೊಂದರಲ್ಲಿ ಹನ್ನೊಂದು ಗೆರೆ, ಎಲ್ಲ ಕೈಯಿಂದ. ತೆಳ್ಳನೆಯ ನಿಬ್ಬಿನ ಪೆನ್ನು, ಅಚ್ಚಿನ ಬಣ್ಣಕ್ಕೆ ಹತ್ತಿರವಾದ ಕಪ್ಪು ಶಾಯಿ, ಗೆರೆಯ ಉದ್ದಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿ. ಬಲದಿಂದ ಎಡಕ್ಕೆ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದಳು, ಹಳೆಯ ದಿನಗಳಂತೆ ಉಸಿರು ಬಿಗಿಹಿಡಿದು. ನಾನು ಪುಟ ತೆರೆದು ಹಿಡಿಯುವುದು, ಶಾಯಿ ಒಣಗುವವರೆಗೆ ಕಾಯುವುದು. ರಜೆಯ ದಿನ ಅವಳ ಗಂಡ ಬಂದು ನನ್ನ ಜಾಗದಲ್ಲಿ ಕೂತ. ಆ ಸಲ ಅವನು ತಮಾಷೆ ಮಾಡಲಿಲ್ಲ. ಹತ್ತೊಂಬತ್ತು ದಿನ ಹಿಡಿಯಿತು. ನಾನು ಎಳೆಯುತ್ತೇನೆ ಎಂದು ಎಷ್ಟು ಬೇಡಿದರೂ ಪೆನ್ನು ಕೊಡಲಿಲ್ಲ. ಮಾತು ಕೊಟ್ಟವಳು ನಾನು ಎಂದಳು. ತಪ್ಪಿನಲ್ಲಿ ಅರ್ಧ ನನ್ನದು, ತಿದ್ದುವುದರಲ್ಲಿ ನನಗೆ ಅರ್ಧ ಸಿಗಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಮೊದಲು ಮುಗಿದ ಪುಸ್ತಕವನ್ನು ಮೇಷ್ಟ್ರಿಗೆ ಕೊಟ್ಟುಬಂದೆವು. ಅವರು ಎಂಬತ್ತೇಳನೆಯ ಪುಟ ತೆಗೆಸಿಕೊಂಡು, ಸಾಲಿನ ಮೇಲೆ ಹೆಬ್ಬೆರಳು ಆಡಿಸಿದರು. ಒಮ್ಮೆ, ಮತ್ತೊಮ್ಮೆ. "ಗೊತ್ತಾಗ್ತಿಲ್ಲ ಅಮ್ಮ," ಎಂದರು. ಶಾಯಿ ಕಾಗದದ ಮೇಲೆ ಚಪ್ಪಟೆಯಾಗಿ ಕೂತಿತ್ತು, ಬೆರಳಿಗೆ ಏನು ಸಿಗುತ್ತದೆ. ಇದೆ ಮೇಷ್ಟ್ರೇ ಎಂದು ಅವಳು ಅಂದಳು. ಅವರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

ಅಲ್ಲಿಂದ ಮುಂದೆ ಅವರ ಜಗುಲಿಗೆ ಯಾರೂ ಬರಲಿಲ್ಲ. ಪುಸ್ತಕ ಬೇಕೆಂದು ಮೊದಲೇ ಹೇಳಿದ್ದವರು ಪ್ರೆಸ್ಸಿಗೆ ಬಂದು ಒಯ್ದರು, ಮೇಷ್ಟ್ರ ಮನೆಯ ದಾರಿಯಲ್ಲಿ ಮಾತ್ರ ಯಾರೂ ನಡೆಯಲಿಲ್ಲ. ಅವರ ಕಣ್ಣು ಆ ಚಳಿಗಾಲದಲ್ಲಿ ಪೂರ್ತಿ ಹೋಯಿತು. ಗೆರೆಯಕ್ಕ ವಾರಕ್ಕೊಮ್ಮೆ ಹೋಗಿ ಕೂತು ಬರುತ್ತಿದ್ದಳು. ಒಂದು ದಿನ ನನ್ನ ಹತ್ತಿರ, ಬೈದಿದ್ದರೆ ಹಗುರಾಗುತ್ತಿತ್ತು ಅಣ್ಣ, ಬಂದಾಗೆಲ್ಲ ಕೂತುಕೋ ಅಂತಾರೆ, ಅದನ್ನೇ ತಡೆಯೋಕಾಗಲ್ಲ ಎಂದಳು. ಅವಳ ಕೆಲಸದಲ್ಲೂ ಏನೋ ಮುರಿಯಿತು. ಮೇಲ್ಗೆರೆ ಇರುವ ಪುಸ್ತಕ ಬಂದರೆ ಬೇಡ ಎನ್ನುತ್ತಿದ್ದಳು. ಮದುವೆಯ ಕಾಗದ ಜೋಡಿಸಿದರೂ ನಾಲ್ಕು ಬದಿಯ ಅಂಚನ್ನು ಐದಾರು ಸಲ ಅಳೆಯುತ್ತಿದ್ದಳು. ಅಚ್ಚಿಗೆ ಹೋದ ಹಾಳೆಯನ್ನು ಓಡಿಹೋಗಿ ವಾಪಸು ತರುತ್ತಿದ್ದಳು. ಯಂತ್ರದವನು ಬೈಯುತ್ತಿದ್ದ. ಮನೆಯಲ್ಲಿ ಗಂಡ ಹಳೆಯ ತಮಾಷೆ ಶುರುಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದಳಂತೆ. ಅವನು ನನ್ನ ಮುಂದೆ ಬಂದು, ನನ್ನ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದೇನೆ ಎಂದ.

ಹೀಗೆ ಎಂಟು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಕಬ್ಬಿಣದ ಮೆಟ್ಟಿಲ ಮೇಲೆ ಪರಿಚಯವಿಲ್ಲದ ಹೆಜ್ಜೆ ಕೇಳಿತು. ಬಂದವನು ದೊಡ್ಡ ಮೇಷ್ಟ್ರ ಮಗ. ಕಂಕುಳಲ್ಲಿ ಪುಸ್ತಕ. ಗೆರೆಯಕ್ಕ ಎದ್ದು ನಿಂತಳು. ನಾನೇ ಕುರ್ಚಿ ತೋರಿಸಿದೆ. ಅವನು ಕೂರಲಿಲ್ಲ.

ಹಳೆಯ ವಿದ್ಯಾರ್ಥಿಯೊಬ್ಬ ಔಷಧಿ ತೆಗೆದುಕೊಳ್ಳಲು ಬಂದು, ಚೀಟಿ ಹುಡುಕುವಾಗ ಚೀಲದಲ್ಲಿದ್ದ ತನ್ನ ಪ್ರತಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟನಂತೆ. ಇವನು ಸುಮ್ಮನೆ ಎಂಬತ್ತೇಳನೆಯ ಪುಟ ತೆರೆದು ನೋಡಿದ. ಅಲ್ಲಿ ಗೆರೆ ಇತ್ತು, ಅಚ್ಚಿನದಲ್ಲ, ಟ್ಯೂಬ್‌ಲೈಟಿನ ಕೆಳಗೆ ಶಾಯಿ ಸ್ವಲ್ಪ ಮಿರುಗುತ್ತಿತ್ತು. ಒಂದು ಡಬ್ಬಿ ನೋಡಿ ಔಷಧಿ ನಂಬುವವನಲ್ಲ ಅವನು. ಪುಸ್ತಕ ಇದ್ದವರನ್ನೆಲ್ಲ ಕೇಳಿ ಕೇಳಿ ತರಿಸಿ ನೋಡಿದ್ದ.

"ಹದಿನಾಲ್ಕು ಪುಸ್ತಕ ನೋಡ್ದೆ," ಎಂದ. "ಹದಿನಾಲ್ಕರಲ್ಲೂ ಹನ್ನೊಂದು ಗೆರೆ. ಒಂದರ ಥರ ಇನ್ನೊಂದಿಲ್ಲ, ಎಲ್ಲಾ ಕೈಯಲ್ಲಿ ಎಳೆದದ್ದು. ಎಷ್ಟು ಪುಸ್ತಕಕ್ಕೆ ಹೀಗ್ ಮಾಡಿದ್ರಿ?"

ಒಂದು ಬಿಟ್ಟು ಎಲ್ಲದಕ್ಕೂ ಎಂದು ನಾನು ಹೇಳಿದೆ.

ಅವನು ಆ ಒಂದನ್ನು ಅವಳ ಮೇಜಿನ ಮೇಲಿಟ್ಟ. ರಟ್ಟಿನ ತುಂಡುಗಳು ಇನ್ನೂ ಹಾಗೇ ಇದ್ದವು. ಕದ್ದವರು ಇಷ್ಟು ಕಷ್ಟಪಡುವುದಿಲ್ಲ ಎಂದ, ನೆಲ ನೋಡುತ್ತ. ಇದಕ್ಕೂ ಎಳೆದುಕೊಡಿ, ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋಗಿ ತೋರಿಸಬೇಕು ಎಂದ. ಮೇಷ್ಟ್ರಿಗೆ ಈಗ ಏನೂ ಕಾಣುವುದಿಲ್ಲ ಎಂದು ಗೆರೆಯಕ್ಕ ಹೇಳಿದಾಗ ಅವನ ಮುಖ ಇಳಿದುಹೋಯಿತು. ಅದು ಅವನಿಗೆ ಗೊತ್ತಿರಲಿಲ್ಲ. ಅವನ ಮುಂದೆ ಮೇಷ್ಟ್ರ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ.

ಅವಳು ಸ್ವಲ್ಪ ಹೊತ್ತು ಯೋಚಿಸಿ, ಪುಸ್ತಕದ ಹಾಳೆಯ ಕೆಳಗೆ ಮೆತ್ತಗಿರಲೆಂದು ಒಂದು ತುಂಡು ಬಟ್ಟೆ ಮಡಿಸಿ ಇಟ್ಟಳು. ಪೆನ್ನಿನ ಹಳೆಯ ನಿಬ್ಬು ತೆಗೆದು ಗಟ್ಟಿಯಾದ ಒಂದನ್ನು ಹಾಕಿದಳು. ಒತ್ತಿ ಎಳೆಯಬೇಕು, ಬೆರಳಿಗೆ ಸಿಗುವ ಹಾಗೆ ಎಂದಳು. ಒಂದೊಂದೇ ರಟ್ಟು ತೆಗೆಯುತ್ತ ಹತ್ತು ಗೆರೆ ಎಳೆದಳು. ಪ್ರತಿಯೊಂದೂ ಕಾಗದದಲ್ಲಿ ಸಣ್ಣ ಕಾಲುವೆಯಂತೆ ಇಳಿಯಿತು, ಒಂದು ಚುಕ್ಕಿಯನ್ನೂ ಮುಟ್ಟಲಿಲ್ಲ. ಕೊನೆಗೆ ಉಳಿಸಿಕೊಂಡಿದ್ದ ಎಂಬತ್ತೇಳನೆಯ ಪುಟಕ್ಕೆ ಬಂದಾಗ ನಿಲ್ಲಿಸಿದಳು. ನನಗೆ ಹತ್ತೊಂಬತ್ತು ದಿನ ಕೊಡದ ಪೆನ್ನನ್ನು ಅವನ ಕಡೆ ಚಾಚಿದಳು.

"ಇದೊಂದು ನೀವೇ ಎಳೀರಿ," ಎಂದಳು.

ತನಗೆ ಅಭ್ಯಾಸವಿಲ್ಲ, ಹಾಳಾಗುತ್ತದೆ ಎಂದ. ಅವಳು ಪೆನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಕೂತ. ಮೊದಲ ಸಲ ಕುರ್ಚಿಯಲ್ಲಿ ಕೂತದ್ದು ಆಗಲೇ. ಇಟ್ಟುಕೊಂಡ ಪಟ್ಟಿ ಎಳೆಯುವಾಗ ಜಾರಿತು. ಶುರುವಿನಲ್ಲಿ ಮೇಲಿದ್ದ ಗೆರೆ ನಡುವಿನಲ್ಲಿ ಕೆಳಗಿಳಿದು, ಎರಡು ಚುಕ್ಕಿಗಳನ್ನು ನೇರವಾಗಿ ಸೀಳಿಕೊಂಡು ಎಡಕ್ಕೆ ಹೋಯಿತು. ಏಳು ತಿಂಗಳು ಯಾವುದು ಆಗಬಾರದೆಂದು ಅವಳು ಒದ್ದಾಡಿದ್ದಳೋ ಅದೇ ಆಯಿತು. ನನ್ನ ಬಾಯಿ ತಾನಾಗಿ ತೆರೆಯಿತು. ಅವಳು ನನ್ನ ಕಡೆ ಒಂದು ಸಲ ನೋಡಿದಳು, ಮುಚ್ಚಿಕೊಂಡೆ. ಅವನು ಶಾಯಿ ಆರುವವರೆಗೆ ಕಾದು, ಪುಸ್ತಕ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಊಟದ ಹೊತ್ತು ಮುಗಿದ ಮೇಲೆ ನನ್ನ ಮೇಜಿನ ಫೋನು ಬಡಿದುಕೊಂಡಿತು. ಮೇಷ್ಟ್ರು. ಪ್ರೆಸ್ಸಿಗೆ ಅವರು ಫೋನು ಮಾಡಿ ಎಂಟು ತಿಂಗಳಾಗಿತ್ತು. ಅವಳನ್ನು ಕರೆ ಎಂದರು. ನಾನು ರಿಸೀವರ್ ಕೊಟ್ಟು ಪಕ್ಕದಲ್ಲೇ ನಿಂತೆ, ಅವರ ದನಿ ನನಗೂ ಕೇಳುತ್ತಿತ್ತು.

"ಹತ್ತು ಗೆರೆ ನಿನ್ನದು," ಎಂದರು. "ಎಂಬತ್ತೇಳನೇ ಪುಟದ್ದು ನಿನ್ನ ಕೈಯಲ್ಲ. ಯಾರದ್ದು ಅಮ್ಮ?"

"ಅವರದ್ದೇ ಮೇಷ್ಟ್ರೇ. ಅಲ್ಲೇ ಇದಾರಾ?"

"ಇದಾನೆ. ಎದುರಿಗೇ ಕೂತಿದಾನೆ, ಬಾಯಿ ಬಿಡ್ತಿಲ್ಲ." ಕಾಗದದ ಮೇಲೆ ಬೆರಳು ಸರಿಯುವ ಸದ್ದು ಕೇಳಿದಂತಾಯಿತು ನನಗೆ, ಭ್ರಮೆಯೂ ಇರಬಹುದು. ಆಮೇಲೆ ಮೇಷ್ಟ್ರು ದನಿ ತಗ್ಗಿಸಿ ಕೇಳಿದರು: "ಗೆರೆ ಸೊಟ್ಟಗಿದೆ, ಅದು ಗೊತ್ತಾಯ್ತು. ಚುಕ್ಕಿ ತಪ್ಪಿಸಿ ಎಳೆದಿದಾನಾ?"

ಗೆರೆಯಕ್ಕನ ಕಣ್ಣು ತುಂಬಿತ್ತು. ಒಂದು ಗೆರೆ ಇಲ್ಲವೆಂದು ಯಾರೂ ಕೇಳುವ ಮೊದಲೇ ಓಡಿಹೋಗಿ ಒಪ್ಪಿಕೊಂಡವಳು ಅವಳು.

"ತಪ್ಪಿಸಿದಾರೆ ಮೇಷ್ಟ್ರೇ," ಎಂದಳು. "ಒಂದಕ್ಕೂ ತಾಗಿಲ್ಲ."

ನಾನು ತಿದ್ದಲಿಲ್ಲ.